ಮಗುವಿನ ಕಾರ್ ಸೀಟ್ ಒಡೆದು ಬಂದಿದೆ: ‘ಬರೀ ಗೀರು’ ಎಂಬ ನಿಮ್ಮ ಉತ್ತರ ಒಪ್ಪುವುದಿಲ್ಲ

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ವಿಮಾನ ಸಂಸ್ಥೆಯ ಬೆಂಗಳೂರು ಕಚೇರಿ

ವಿಷಯ: ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಪ್ರಯಾಣದಲ್ಲಿ ಹಾಳಾದ ಕಾರ್ ಸೀಟಿನ ಪರಿಹಾರ

ಮಾನ್ಯರೇ,

ನನ್ನ ಮೊದಲ ದೂರಿಗೆ ನೀವು ಕಳಿಸಿದ ಇಮೇಲ್ ತಲುಪಿತು. ಸೀಟಿಗೆ ಆಗಿರುವುದು ಬರೀ ಗೀರು, ಬಳಸೋದಕ್ಕೆ ತೊಂದರೆಯಿಲ್ಲ, ಬೇಕಾದರೆ ಮುಂದಿನ ಪ್ರಯಾಣಕ್ಕೆ ಒಂದು ವೋಚರ್ ಕೊಡುತ್ತೇವೆ ಎಂದಿದ್ದೀರಿ. ವೋಚರ್ ಬೇಡ. ಆ ಸೀಟಿನಲ್ಲಿ ನನ್ನ ಮಗಳನ್ನು ಕೂರಿಸುವುದೂ ಇಲ್ಲ. ಇದೆಲ್ಲ ಶುರುವಾಗಿದ್ದು ನಿಮ್ಮ ಬೆಂಗಳೂರು ಕೌಂಟರಿನಲ್ಲಿ. ಹಾಗಾಗಿ ನಿಮ್ಮ ಕಚೇರಿಗೇ, ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಅಸಲಿಗೆ ಈ ಸೀಟು ಲಗೇಜಿಗೆ ಹೋಗಬೇಕಾಗಿಯೇ ಇರಲಿಲ್ಲ. ಮಗಳಿಗೆ ಎರಡು ವರ್ಷ ದಾಟಿದೆ. ಅವಳ ಹೆಸರಿಗೆ ಬೇರೆ ಟಿಕೆಟ್ ತೆಗೆದಿದ್ದೆವು. ವಿಮಾನದ ಸೀಟಿಗೆ ಕಾರ್ ಸೀಟ್ ಕಟ್ಟಿ, ಅದರಲ್ಲೇ ಅವಳನ್ನು ಕೂರಿಸಿಕೊಂಡು ಹೋಗುವುದು ನಮ್ಮ ಲೆಕ್ಕ. ಕಾರು, ವಿಮಾನ ಎರಡರಲ್ಲೂ ಬಳಸಬಹುದು ಅಂತ ಸೀಟಿನ ಮೇಲೆ ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿದೆ. ಇಂಥ ಸೀಟನ್ನು ಒಳಗೆ ತರಬಹುದು ಅಂತ ನಿಮ್ಮ ವೆಬ್‌ಸೈಟೂ ಹೇಳುತ್ತದೆ. ಅಮೆರಿಕದಿಂದ ಊರಿಗೆ ಬರುವಾಗ ನಿಮ್ಮದೇ ವಿಮಾನದಲ್ಲಿ ಕಟ್ಟಿಕೊಂಡು ಬಂದಿದ್ದೆವು, ಯಾರೂ ಏನೂ ಅನ್ನಲಿಲ್ಲ.

ವಾಪಸ್ ಹೊರಟಾಗ ಕೌಂಟರಿನಲ್ಲಿದ್ದ ಸಿಬ್ಬಂದಿ ಒಂದು ಸಲ ನೋಡಿ, ‘ಅಗಲ ಜಾಸ್ತಿ ಆಗುತ್ತೆ ಮೇಡಂ, ಲಗೇಜಿಗೆ ಹಾಕಿ’ ಎಂದರು. ಅಳತೆ ಹಿಡಿಯಲಿಲ್ಲ. ಕೆಂಪು ಅಕ್ಷರ ತೋರಿಸಿದೆ. ‘ಅದೆಲ್ಲ ಅಮೆರಿಕದ್ದು, ಇಲ್ಲಿ ನಡೆಯಲ್ಲ’ ಎಂದರು. ವಿಮಾನ ಹೋಗುತ್ತಿರುವುದು ಎಲ್ಲಿಗೆ ಸ್ವಾಮಿ ಅಂತ ಕೇಳುವ ಆಸೆಯಾಯಿತು. ಹಿಂದೆ ಉದ್ದದ ಸಾಲಿತ್ತು, ಮಗು ಅಳುತ್ತಿತ್ತು, ಸುಮ್ಮನಾದೆ. ಆಮೇಲೆ ‘ಲಿಮಿಟೆಡ್ ರಿಲೀಸ್’ ಟ್ಯಾಗ್, ಅಂದರೆ ಹಾಳಾದರೆ ಸಂಸ್ಥೆಯ ಹೊಣೆ ಇಲ್ಲ ಅನ್ನುವ ಚೀಟಿ, ಮುಂದಿಟ್ಟು ಸಹಿ ಹಾಕಿ ಎಂದರು. ಹಾಕದಿದ್ದರೆ ಸೀಟು ತೆಗೆದುಕೊಳ್ಳುವುದಿಲ್ಲವಂತೆ. ದಪ್ಪ ಪ್ಯಾಡಿಂಗ್ ಇರುವ ಚೀಲದಲ್ಲಿ ಹಾಕಿ ಕೊಟ್ಟೆವು. ದೊಡ್ಡ ಸಾಮಾನಿನ ಕೌಂಟರಿನಲ್ಲಿ ಕೊಡುತ್ತೇವೆ ಎಂದರೂ ಕೇಳದೆ ಸೂಟ್‌ಕೇಸ್‌ಗಳ ಜೊತೆ ಬೆಲ್ಟಿನ ಮೇಲೆಯೇ ತಳ್ಳಿದರು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅದು ತಲೆಕೆಳಗಾಗಿ ಬಂತು, ಚೀಲದ ಒಂದು ಮೂಲೆ ಹರಿದಿತ್ತು. ಅಲ್ಲೇ ಬಿಚ್ಚಿ ನೋಡಿದೆವು. ಬೆನ್ನಿನ ಪ್ಲಾಸ್ಟಿಕ್ಕಿನಲ್ಲಿ, ಕಾರಿನ ಬೆಲ್ಟ್ ತೂರಿಸುವ ಕಂಡಿಯ ಪಕ್ಕ, ಬೆರಳುದ್ದದ ಬಿಳಿ ಗೆರೆ. ಅದನ್ನೇ ನೀವು ಗೀರು ಎಂದಿರುವುದು. ಗೀರಾದರೆ ಉಗುರಿಗೆ ಸಿಗುತ್ತದೆ. ಇದು ಸಿಗುವುದಿಲ್ಲ, ಮೇಲ್ಮೈ ನುಣ್ಣಗೇ ಇದೆ. ಪ್ಲಾಸ್ಟಿಕ್ಕನ್ನು ಅತಿಯಾಗಿ ಬಗ್ಗಿಸಿದಾಗ ಹೀಗೆ ಬೆಳ್ಳಗಾಗುತ್ತದೆ, ಅಂದರೆ ಆ ಜಾಗ ಆಗಲೇ ಸೋತಿದೆ. ಬಟ್ಟೆಯ ಕವರ್ ಎತ್ತಿದರೆ, ತಲೆ ಪಕ್ಕದ ಥರ್ಮಾಕೋಲ್ ಎರಡು ತುಂಡು. ಕವರ್ ಹಾಕಿಬಿಟ್ಟರೆ ಏನೂ ಕಾಣುವುದಿಲ್ಲ, ಹೊಸದರ ಹಾಗೆ ಇರುತ್ತದೆ. ನಾನು ಕಳಿಸಿದ ಫೋಟೋಗಳಲ್ಲಿ ಕವರ್ ತೆಗೆದಿದ್ದೂ ಇದೆ. ನಿಮ್ಮವರು ಮೊದಲನೆಯದನ್ನು ಮಾತ್ರ ನೋಡಿರಬೇಕು.

ಸೂಟ್‌ಕೇಸ್ ನೆಗ್ಗಿದರೆ ಬಟ್ಟೆ ಹೊರುವ ಕೆಲಸ ನಿಲ್ಲುವುದಿಲ್ಲ. ಕಾರ್ ಸೀಟಿನ ಕತೆಯೇ ಬೇರೆ. ಅಪಘಾತವಾದಾಗ ಬೆಲ್ಟಿನ ಎಳೆತ ಬೀಳುವುದು ಆ ಕಂಡಿಯ ಮೇಲೆ, ತಲೆಗೆ ಬೀಳುವ ಏಟನ್ನು ಹೀರಿಕೊಳ್ಳಬೇಕಾದ್ದು ಆ ಥರ್ಮಾಕೋಲ್. ಎರಡೂ ಹೋಗಿವೆ. ಮುರಿದ, ಬಿರುಕು ಬಿಟ್ಟ ಸೀಟನ್ನು ಬಳಸಲೇಬೇಡಿ ಅಂತ ತಯಾರಕರ ಕೈಪಿಡಿಯಲ್ಲಿ ಬರೆದಿದೆ. ಆ ಪುಟದ ಪ್ರತಿ ಲಗತ್ತಿಸಿದ್ದೇನೆ. ಬಳಸೋದಕ್ಕೆ ತೊಂದರೆಯಿಲ್ಲ ಎಂದವರು ಯಾರು, ಯಾವ ಪರೀಕ್ಷೆ ಮಾಡಿ ಹೇಳಿದರು, ಬರೆದು ಕೊಡಿ.

ಕ್ಯಾಲಿಫೋರ್ನಿಯಾದಲ್ಲಿ ಎಂಟು ವರ್ಷದೊಳಗಿನ ಮಕ್ಕಳನ್ನು ಕಾರಿನ ಹಿಂದಿನ ಸೀಟಿನಲ್ಲಿ, ಕಾರ್ ಸೀಟ್ ಇಲ್ಲವೇ ಬೂಸ್ಟರಿನಲ್ಲಿ ಕೂರಿಸಬೇಕೆಂಬ ಕಾನೂನಿದೆ. ಹಾಗಾಗಿ ವಿಮಾನ ನಿಲ್ದಾಣದಿಂದ ಹೊರಡುವುದಕ್ಕೇ ಆಗಲಿಲ್ಲ. ನಮ್ಮವರು ಟ್ಯಾಕ್ಸಿಯಲ್ಲಿ ಅಂಗಡಿಗೆ ಹೋಗಿ ಹೊಸ ಸೀಟು ತರುವವರೆಗೆ ನಾನು ನಿದ್ದೆಗೆಟ್ಟ ಮಗುವನ್ನು ಹಿಡಿದುಕೊಂಡು ಅಲ್ಲೇ ಕೂತಿದ್ದೆ. ಇದು ಅಮೆರಿಕದವರ ಶೋಕಿ ಅಂತ ನಿಮ್ಮ ಕೌಂಟರಿನವರು ಅಂದುಕೊಂಡಿದ್ದರೆ, ನಮ್ಮ ದೇಶದಲ್ಲೂ ಕಾನೂನಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 194ಬಿ ಕಲಂ ಸೇರಿಸಿದ್ದಾರೆ. 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಹಾಕದಿದ್ದರೆ 1,000 ರೂಪಾಯಿ ದಂಡ. (ಊರಲ್ಲಿ ನೆಂಟರೂ ‘ಮಡಿಲಲ್ಲಿ ಕೂರಿಸ್ಕೊಂಡ್ರೆ ಸಾಲ್ದಾ’ ಅಂತ ನಕ್ಕಿದ್ದರು. ಅವರ ಮೇಲೆ ದೂರು ಕೊಡೋಕಾಗಲ್ಲ ಬಿಡಿ.)

ಟ್ಯಾಗಿಗೆ ಸಹಿ ಹಾಕಿದ್ದೀರಿ, ನಮ್ಮ ಹೊಣೆ ಇಲ್ಲ ಅಂತಲೂ ಬರೆದಿದ್ದೀರಿ. ಈ ಪ್ರಯಾಣಕ್ಕೆ ಅನ್ವಯಿಸುವುದು ಅಂತರರಾಷ್ಟ್ರೀಯ ವಿಮಾನ ಪ್ರಯಾಣದ 1999ರ ಮಾಂಟ್ರಿಯಲ್ ಒಪ್ಪಂದ. ಭಾರತ 2009ರಲ್ಲಿ ಅದನ್ನು ಸೇರಿದೆ. ಅದರ 17ನೇ ವಿಧಿ ಪ್ರಕಾರ ನಿಮ್ಮ ಕೈಗೆ ಕೊಟ್ಟ ಲಗೇಜು ಹಾಳಾದರೆ ಹೊಣೆ ನಿಮ್ಮದೇ. ಸಾಮಾನಿನಲ್ಲೇ ಮೊದಲಿಂದ ದೋಷವಿತ್ತು ಅಂತ ತೋರಿಸಿದರೆ ಅಷ್ಟರ ಮಟ್ಟಿಗೆ ವಿನಾಯಿತಿ. ಊರಿಗೆ ಬರುವಾಗ ಸರಿಯಾಗಿದ್ದ ಸೀಟು ಇದು. ಹೊಣೆ ತಪ್ಪಿಸಿಕೊಳ್ಳಲು ಬರೆಸಿಕೊಂಡ ಷರತ್ತು ನಡೆಯುವುದಿಲ್ಲ ಅಂತ 26ನೇ ವಿಧಿ ಹೇಳುತ್ತದೆ. ಅಲ್ಲಿಗೆ ನಿಮ್ಮ ಟ್ಯಾಗಿನ ಮಾತು ಮುಗಿಯಿತು ಅಲ್ವಾ? ಹಾನಿಯ ದೂರನ್ನು ಏಳು ದಿನದೊಳಗೆ ಲಿಖಿತವಾಗಿ ಕೊಡಬೇಕು. ಇಳಿದ ದಿನವೇ ಬ್ಯಾಗೇಜ್ ಕೌಂಟರಿನಲ್ಲಿ ಪಿಐಆರ್ (ಲಗೇಜು ಹಾಳಾದ ಬಗ್ಗೆ ವರದಿ) ಬರೆಸಿದ್ದೇನೆ, ಅದೇ ವಾರ ಇಮೇಲೂ ಕಳಿಸಿದ್ದೇನೆ. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ). ನಾನು ಕೇಳುತ್ತಿರುವುದು ಅದರ ಹತ್ತಿರಕ್ಕೂ ಬರುವುದಿಲ್ಲ.

ಅವತ್ತು ಕೊಂಡ ಸೀಟಿನ ಪೂರ್ತಿ ಬೆಲೆ, ಅಂಗಡಿಗೆ ಹೋಗಿಬಂದ ಟ್ಯಾಕ್ಸಿ ಖರ್ಚು, ಇಷ್ಟನ್ನು ನನ್ನ ಬ್ಯಾಂಕ್ ಖಾತೆಗೆ ಹಾಕಿ. ಬಿಲ್ಲುಗಳು ಜೊತೆಗಿವೆ. ಮಗುವಿಗೆ ಟಿಕೆಟ್ ಇದ್ದು, ಸೀಟಿನ ಮೇಲೆ ವಿಮಾನದ ಒಪ್ಪಿಗೆ ಇರುವಾಗ ಕೌಂಟರಿನಲ್ಲಿ ತಡೆದದ್ದು ಯಾವ ನಿಯಮದ ಮೇಲೆ ಅನ್ನುವುದಕ್ಕೂ ಉತ್ತರ ಬೇಕು. ನಿಯಮವಿಲ್ಲದಿದ್ದರೆ ಆ ಸಿಬ್ಬಂದಿಯನ್ನು ಬೈಯುವುದು ಬೇಡ, ಎಲ್ಲರಿಗೂ ಆ ಅಚ್ಚು ಹೇಗಿರುತ್ತದೆ ಅಂತ ತೋರಿಸಿಕೊಡಿ, ಒಂದು ಅಳತೆ ಟೇಪೂ ಇಡಿ. ಲಗೇಜಿಗೆ ಹಾಕಲೇಬೇಕಾದ ಸೀಟುಗಳನ್ನು ಸೂಟ್‌ಕೇಸ್‌ಗಳ ಅಡಿ ಹಾಕದೆ, ವೀಲ್‌ಚೇರ್ ತರುವ ಹಾಗೆ ಕೈಯಲ್ಲಿ ತಂದು ಕೊಡಿ.

ಮೂವತ್ತು ದಿನದೊಳಗೆ ಉತ್ತರ ಬರದಿದ್ದರೆ ಕೇಂದ್ರ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲಿನಲ್ಲಿ ದೂರು ಹಾಕಿ, ಬೆಂಗಳೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಒಡೆದ ಸೀಟನ್ನು ಇನ್ನೂ ಎಸೆದಿಲ್ಲ. ನೋಡಬೇಕಿದ್ದರೆ ಅಷ್ಟರೊಳಗೆ ನಿಮ್ಮ ಸ್ಯಾನ್ ಫ್ರಾನ್ಸಿಸ್ಕೋ ಸಿಬ್ಬಂದಿಯನ್ನು ಕಳಿಸಿ. ಆಮೇಲೆ ಬೆಲ್ಟುಗಳನ್ನೆಲ್ಲ ಕತ್ತರಿಸಿ ಕಸಕ್ಕೆ ಹಾಕುತ್ತೇನೆ, ಇನ್ಯಾರೋ ಚೆನ್ನಾಗಿದೆ ಅಂತ ಎತ್ತಿಕೊಂಡು ಹೋಗಬಾರದು.

ಇಂತಿ,
ನಿಮ್ಮ ಪ್ರಯಾಣಿಕಳು

ಲಗತ್ತು: ಪಿಐಆರ್ ಪ್ರತಿ, ಬೋರ್ಡಿಂಗ್ ಪಾಸ್‌ಗಳು, ಕವರ್ ತೆಗೆದ ಫೋಟೋಗಳು, ಕೈಪಿಡಿಯ ಪುಟ, ಬಿಲ್ಲುಗಳು