ಆ ಟಕ್ ಟಕ್ ಫ್ಯಾನಿನದಲ್ಲ, ಪುಟ್ಟಿ

ಸಾಗರ
ಶುಕ್ರವಾರ ಸಂಜೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಮಾತ್ರ ಹಿಡಿದದ್ದು ಬಿಟ್ಟಿಲ್ಲ.

ಮೊನ್ನೆ ರಾತ್ರಿ ಫೋನಿನಲ್ಲಿ "ಈಗಲೇ ಆಫ್ ಮಾಡು, ಮತ್ತೆ ಆನ್ ಮಾಡಬೇಡ" ಎಂದು ಗದರಿದ್ದಕ್ಕೆ ನಿನಗೆ ಬೇಸರವಾಗಿರಬೇಕು. ನೀನು ಕೇಳಿದ್ದು "ಕಂಪ್ಯೂಟರ್ ಸದ್ದು ಮಾಡುತ್ತಿದೆ, ಫ್ಯಾನ್ ಬದಲಾಯಿಸಲಾ ದೊಡ್ಡಪ್ಪ?" ಎಂದು ಅಷ್ಟೇ. ಕಾರಣ ಹೇಳೋಣ ಎನ್ನುವಷ್ಟರಲ್ಲಿ ಕರೆಂಟ್ ಹೋಯಿತು, ಹಿಂದೆಯೇ ಟವರೂ ಹೋಯಿತು. ಅದಕ್ಕೇ ಈ ಕಾಗದ. ವಾಟ್ಸಾಪಿನಲ್ಲಿ ಬರೆದರೆ ನೀನು ಎರಡು ಸಾಲು ಓದಿ ಹೆಬ್ಬೆರಳಿನ ಚಿತ್ರ ಕಳಿಸಿ ಮುಗಿಸುತ್ತೀ, ನನಗೆ ಗೊತ್ತು.

ನೀನು ಕಳಿಸಿದ ರೆಕಾರ್ಡಿಂಗನ್ನು ಹತ್ತು ಸಲವಾದರೂ ಕೇಳಿದೆ. ಅದರಲ್ಲಿರುವ ಸದ್ದು ಒಂದಲ್ಲ, ಎರಡು. ಮೇಲುಮೇಲೆ ಗರ್ರ್ ಎನ್ನುವುದು ಫ್ಯಾನು, ಅದು ಯಾರ ಕಿವಿಗಾದರೂ ಬೀಳುತ್ತದೆ. ಅದರ ಅಡಿಯಲ್ಲಿ ಟಕ್... ಟಕ್... ಟಕ್, ಆಮೇಲೆ ಒಂದು ಗಳಿಗೆ ಸುಮ್ಮನೆ, ಮತ್ತೆ ಅದೇ ಟಕ್. ಅದು ಫೈಲುಗಳನ್ನೆಲ್ಲ ಇಟ್ಟುಕೊಳ್ಳುವ ಹಾರ್ಡ್ ಡಿಸ್ಕಿನದು. ಅಂಗಡಿಯ ಹುಡುಗ ಫ್ಯಾನು, ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿಯಾದ ಎಸ್‌ಎಂಪಿಎಸ್ಸು ಎರಡನ್ನೂ ಬದಲಾಯಿಸಿ ಎಂದನಂತೆ. ಬದಲಾಯಿಸಿದ್ದರೆ ಗರ್ರ್ ನಿಲ್ಲುತ್ತಿತ್ತು, ನೀನು ರಿಪೇರಿ ಆಯಿತೆಂದು ನೆಮ್ಮದಿಯಿಂದ ಕೂರುತ್ತಿದ್ದೆ, ಟಕ್ ಟಕ್ ತನ್ನ ಪಾಡಿಗೆ ಡಿಸ್ಕನ್ನು ಮುಗಿಸುತ್ತಿತ್ತು. ಅಮ್ಮ ಹಾಡಿದ ಸೋಬಾನೆ ಹಾಡುಗಳ ರೆಕಾರ್ಡಿಂಗೆಲ್ಲ ಅದೇ ಡಿಸ್ಕಿನಲ್ಲಿದೆ, ಬೇರೆಲ್ಲೂ ಕಾಪಿ ಇಲ್ಲ ಎಂದು ನೀನು ಹೇಳಿದ ಮೇಲೆ ನನ್ನ ದನಿ ಏರಿದ್ದು ಹೆಚ್ಚೇನಲ್ಲ.

ಆ ಡಿಸ್ಕಿನೊಳಗೆ ಏನು ನಡೆಯುತ್ತಿದೆ ಎಂದು ಹೇಳುತ್ತೇನೆ, ಕೇಳು. ಒಳಗೆ ಕನ್ನಡಿಯ ಹಾಗೆ ನುಣುಪಾದ ತಟ್ಟೆಗಳಿವೆ. ನಿನ್ನದು ಡೆಸ್ಕ್‌ಟಾಪಿನ ಡಿಸ್ಕಾದ್ದರಿಂದ ಬಹುಶಃ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಓದುವ ಹೆಡ್ಡು ತಟ್ಟೆಯನ್ನು ಮುಟ್ಟುವುದಿಲ್ಲ, ತಟ್ಟೆಯ ಓಟಕ್ಕೆ ಏಳುವ ಗಾಳಿಯ ಪದರದ ಮೇಲೆ ತೇಲುತ್ತದೆ. ಎಷ್ಟು ಎತ್ತರ ಅಂತೀಯಾ? ಕೆಲವೇ ನ್ಯಾನೋಮೀಟರು. ಒಂದು ತಲೆಗೂದಲು 70-80 ಸಾವಿರ ನ್ಯಾನೋಮೀಟರು ದಪ್ಪ ಇರುತ್ತದೆ, ನೀನೇ ಲೆಕ್ಕ ಹಾಕು. ತಟ್ಟೆಯ ಮೇಲೆ ಕಾರ್ಖಾನೆಯಲ್ಲೇ ಬರೆದಿಟ್ಟ ದಾರಿಗುರುತುಗಳಿರುತ್ತವೆ. ಹೆಡ್ಡು ಅವನ್ನು ಓದಿಕೊಂಡೇ ತಾನೆಲ್ಲಿದ್ದೇನೆ ಎಂದು ತಿಳಿಯಬೇಕು. ಹೆಡ್ಡು ಸೊರಗಿದರೆ, ಇಲ್ಲವೇ ತಟ್ಟೆಗೆ ಗಾಯವಾದರೆ ಗುರುತು ಸಿಗುವುದಿಲ್ಲ. ಆಗ ಅದು ಹೊರಟ ಜಾಗಕ್ಕೇ ವಾಪಸು ಬಂದು ಮತ್ತೆ ಹೊರಡುತ್ತದೆ. ಕತ್ತಲಲ್ಲಿ ನೆಂಟರ ಮನೆ ಹುಡುಕಿಕೊಂಡು ಬಂದವನು ದಾರಿ ತಪ್ಪಿ ಪದೇ ಪದೇ ಬಸ್‌ಸ್ಟ್ಯಾಂಡಿಗೇ ಬಂದು ನಿಲ್ಲುವ ಹಾಗೆ. ಹಾಗೆ ಬಂದಾಗಲೆಲ್ಲ ಕೇಳುವುದು ಈ ಟಕ್. ಹೆಡ್ಡು ಬಾಗಿದ್ದರೆ ಒಂದೊಂದು ಓಡಾಟಕ್ಕೂ ತಟ್ಟೆಯ ಮೇಲೆ ಗೀರು ಬೀಳುತ್ತದೆ. ಗೀರಿದ ಜಾಗದಲ್ಲಿದ್ದದ್ದು ಯಾರು ಬಂದರೂ ವಾಪಸು ಬರುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತಿದ್ದಲ್ಲ. 2003ರಲ್ಲಿ ಅಡಿಕೆ ಮಂಡಿಯವರೊಬ್ಬರು ಹೀಗೇ ಟಕ್ ಟಕ್ ಅನ್ನುವ ಕಂಪ್ಯೂಟರನ್ನು ನನ್ನ ಅಂಗಡಿಗೆ ತಂದಿದ್ದರು. ಅದರಲ್ಲಿ ಮೂರು ವರ್ಷದ ಲೆಕ್ಕ. ಆಗ ನನಗೆ ಊರಲ್ಲಿ ಹೆಸರು ಬಂದಿತ್ತು, ತಲೆಗೂ ಸ್ವಲ್ಪ ಏರಿತ್ತು. ಮೊದಲನೇ ಸಲ ಆನ್ ಮಾಡಿದಾಗ ವಿಂಡೋಸ್ ಪೂರ್ತಿ ಬಂತು, ಫೋಲ್ಡರುಗಳೂ ಕಂಡವು. ಆಗಲೇ ಲೆಕ್ಕದ ಫೋಲ್ಡರನ್ನು ತೆಗೆದಿಟ್ಟುಕೊಂಡಿದ್ದರೆ ಹತ್ತು ನಿಮಿಷದ ಕೆಲಸ. ನಾನು ಸದ್ದು ನಿಲ್ಲಿಸಲು ಹೋದೆ. ಕೇಬಲ್ ಬದಲಿಸಿ ಆನ್ ಮಾಡಿದೆ, ಎಸ್‌ಎಂಪಿಎಸ್ ಬದಲಿಸಿ ಆನ್ ಮಾಡಿದೆ, ಡಿಸ್ಕನ್ನು ಪರೀಕ್ಷಿಸುವ ಸ್ಕ್ಯಾನ್ ಡಿಸ್ಕ್ ಪ್ರೋಗ್ರಾಂ ಹಚ್ಚಿ ರಾತ್ರಿಯೆಲ್ಲ ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ಬಂದು ನೋಡಿದರೆ ಸದ್ದು ನಿಂತಿತ್ತು. ಡಿಸ್ಕೂ ನಿಂತಿತ್ತು. ಅವರು ಬೈಯಲಿಲ್ಲ. ಚೀಟಿ, ಬಿಲ್ಲು ಎಲ್ಲ ಗುಡ್ಡೆ ಹಾಕಿಕೊಂಡು ಎರಡು ತಿಂಗಳು ಗುಮಾಸ್ತರನ್ನು ಕೂರಿಸಿ ಲೆಕ್ಕ ಮತ್ತೆ ಬರೆಸಿದರು. ನಾನು ಆ ಮಂಡಿಯ ಮುಂದೆ ಹಾಯುವುದನ್ನೇ ಎಷ್ಟೋ ದಿನ ಬಿಟ್ಟಿದ್ದೆ.

ಈಗ ನಿನ್ನ ಡಿಸ್ಕಿನ ವಿಷಯ. ಪ್ಲಗ್ ಕಿತ್ತು, ಡಿಸ್ಕನ್ನು ಬಿಚ್ಚಿ ತೆಗೆದಿಡು. ಅದನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಯಾಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಇಡಬೇಡ. ಹೊರಗೆ ತೆಗೆದ ಕೂಡಲೇ ಒಳಗೆ ನೀರು ಬೆವರುತ್ತದೆ. ತಟ್ಟಿ ನೋಡುವುದು, ಮುಚ್ಚಳ ಬಿಚ್ಚುವುದಂತೂ ಸುತರಾಂ ಕೂಡದು. ಕೆಲವು ನ್ಯಾನೋಮೀಟರಿನ ಸಂದಿಯಲ್ಲಿ ಓಡುವ ಹೆಡ್ಡಿಗೆ ಬೀಡಿ ಹೊಗೆಯ ಕಣವೂ ಬಂಡೆಗಲ್ಲೇ. ಇಲ್ಲಿಗೆ ತಾ. ನನ್ನ ಹತ್ತಿರ ಲಿನಕ್ಸಿನ ಹಳೇ ಮೆಷಿನ್ ಇದೆ, ಅದರಲ್ಲಿ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಇದೆ. ಸಾಮಾನ್ಯ ಕಾಪಿ ಕೆಟ್ಟ ಜಾಗ ಬಂದಲ್ಲಿ ಕಚ್ಚಿಕೊಂಡು ಕೂರುತ್ತದೆ. ಇದು ಕೆಟ್ಟದ್ದನ್ನು ಗುರುತು ಹಾಕಿಕೊಂಡು ಬಿಟ್ಟು, ಒಳ್ಳೆಯದನ್ನೆಲ್ಲ ಮೊದಲು ಬಾಚಿಕೊಂಡು, ಆಮೇಲೆ ಬಿಟ್ಟದ್ದಕ್ಕೆ ಮರಳಿ ಬರುತ್ತದೆ. ಮಧ್ಯೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು, ನಮ್ಮೂರಿಗೆ ಹೇಳಿ ಮಾಡಿಸಿದ್ದು. ಒಂದೇ ಸಲ ಹಚ್ಚುತ್ತೇನೆ. ಡಿಸ್ಕನ್ನು ಗುರುತೇ ಹಿಡಿಯದೆ ಬರೀ ಟಕ್ ಟಕ್ ಎಂದರೆ ಅಲ್ಲಿಗೇ ನಿಲ್ಲಿಸಿಬಿಡುತ್ತೇನೆ. ಬೆಂಗಳೂರಿನಲ್ಲಿ ಧೂಳಿಲ್ಲದ ಕೋಣೆಯಲ್ಲಿ ಹೆಡ್ ಬದಲಿಸಿ ತೆಗೆದುಕೊಡುವವರಿದ್ದಾರೆ. ದುಡ್ಡು ಸಾವಿರಗಟ್ಟಲೆ ಆಗುತ್ತದೆ. ಅಮ್ಮನ ಹಾಡಿಗೆ ಅದು ನನ್ನ ಲೆಕ್ಕ, ನಿನ್ನಪ್ಪನಿಗೆ ಹೇಳುವುದು ಬೇಡ.

ಇನ್ನು ಫ್ಯಾನು. ಅದರ ಗರ್ರಿಗೆ ಹೆದರಬೇಡ, ಅಲಕ್ಷ್ಯವನ್ನೂ ಮಾಡಬೇಡ. ಯಾವ ಫ್ಯಾನು ಎಂದು ಮೊದಲು ಕಂಡುಹಿಡಿ. ಡಿಸ್ಕ್ ತೆಗೆದಿಟ್ಟ ಮೇಲೆ ಪಕ್ಕದ ತಗಡು ತೆಗೆದು, ಕಂಪ್ಯೂಟರ್ ಆನ್ ಮಾಡಿ, ಪೇಪರನ್ನು ಕೊಳವೆಯ ಹಾಗೆ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದನ್ನು ಒಂದೊಂದೇ ಫ್ಯಾನಿನ ಹತ್ತಿರ ಹಿಡಿ. ಜಡೆ ಮೇಲೆ ಕಟ್ಟಿಕೋ, ದುಪ್ಪಟ್ಟಾ ತೆಗೆದಿಡು. ಅನುಮಾನ ಬಂದ ಫ್ಯಾನಿನ ನಡುವಿನ ಗುಂಡಿಯನ್ನು ಪೆನ್ಸಿಲಿನ ರಬ್ಬರ್ ತುದಿಯಿಂದ ಮೆಲ್ಲಗೆ ಒತ್ತಿ ಒಂದು ಕ್ಷಣ ನಿಧಾನ ಮಾಡು. ಸದ್ದು ಬದಲಾಯಿತೋ, ಕಳ್ಳ ಸಿಕ್ಕ. ಎಸ್‌ಎಂಪಿಎಸ್ಸಿನ ಫ್ಯಾನಿಗೆ ಮಾತ್ರ ಜಾಲರಿಯೊಳಗೆ ಏನನ್ನೂ ತೂರಿಸಬೇಡ. ಆ ಡಬ್ಬಿಯನ್ನು ನೀನು ಯಾವತ್ತೂ ಬಿಚ್ಚಕೂಡದು. ಗೋಡೆಯ 230 ವೋಲ್ಟು ಅದರೊಳಗೆ ಡಿಸಿಯಾಗಿ 320 ವೋಲ್ಟು ದಾಟುತ್ತದೆ, ಪ್ಲಗ್ ಕಿತ್ತ ಮೇಲೂ ಕರೆಂಟ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ ಕೂತಿರುತ್ತದೆ. ಒಮ್ಮೆ ನನ್ನ ಸ್ಕ್ರೂಡ್ರೈವರಿನ ಮೂತಿಯೇ ಕರಗಿತು.

ಎಷ್ಟೋ ಸಲ ಫ್ಯಾನಿನ ತಪ್ಪೇ ಇರುವುದಿಲ್ಲ. ಒಂದು ವೈರು ಜಾರಿ ರೆಕ್ಕೆಗೆ ತಾಗುತ್ತಿರುತ್ತದೆ, ಇಲ್ಲವೇ ಸ್ಕ್ರೂ ಸಡಿಲಾಗಿ ತಗಡು ನಡುಗುತ್ತಿರುತ್ತದೆ. ಗೋಡೆಗೆ ಒತ್ತಿ ಇಟ್ಟ ಕ್ಯಾಬಿನೆಟ್ಟನ್ನು ನಾಲ್ಕು ಬೆರಳು ಈಚೆ ಎಳೆದು ಇನ್ನೂರು ರೂಪಾಯಿ ತೆಗೆದುಕೊಂಡವರನ್ನು ನಾನು ಬಲ್ಲೆ. (ನಾನಲ್ಲ. ನಾನು ಐವತ್ತು ತೆಗೆದುಕೊಂಡಿದ್ದೆ.) ಮಲೆನಾಡಿನಲ್ಲಾದರೆ ಹಲ್ಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು, ಬೆಚ್ಚಗಿದೆ ಎಂದು ಒಳಹೊಕ್ಕು ಮೊಟ್ಟೆ ಇಟ್ಟಿರುತ್ತದೆ.

ಧೂಳು ತೆಗೆಯುವಾಗ ಬ್ಲೋವರ್ ಹಿಡಿದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಅದುಮಿ ಹಿಡಿದುಕೋ. ಗಾಳಿಗೆ ಫ್ಯಾನು ಹುಚ್ಚೆದ್ದು ತಿರುಗಿದರೆ ಬೇರಿಂಗ್ ಹೋಗುತ್ತದೆ, ಮೇಲಾಗಿ ತಿರುಗುವ ಫ್ಯಾನು ಸಣ್ಣ ಡೈನಮೋ ಆಗಿ ಬೋರ್ಡಿಗೇ ಕರೆಂಟ್ ತಳ್ಳುತ್ತದೆ. ಬೆಳಿಗ್ಗೆ ಆನ್ ಮಾಡಿದಾಗ ಮಾತ್ರ ಗರ್ರ್ ಎಂದು ಬಿಸಿಯಾದ ಮೇಲೆ ಸುಮ್ಮನಾಗುವ ಫ್ಯಾನಿನಲ್ಲಿ ಎಣ್ಣೆ ಒಣಗಿದೆ ಎಂದೇ ತಿಳಿ. ಹಿಂದಿನ ಸ್ಟಿಕರ್ ಎತ್ತಿ, ಅಡಿಯಲ್ಲಿ ರಬ್ಬರಿನ ಬಿರಡೆ ಇದ್ದರೆ ತೆಗೆದು, ಹೊಲಿಗೆ ಮೆಷಿನ್ನಿನ ಎಣ್ಣೆ ಒಂದೇ ಒಂದು ತೊಟ್ಟು. ಕೊಬ್ಬರಿ ಎಣ್ಣೆ ಬಿಡಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ನಿನ್ನ ದೊಡ್ಡಮ್ಮ ಒಂದು ಧನುರ್ಮಾಸದಲ್ಲಿ ನನಗೆ ಉಪಕಾರ ಮಾಡಲು ಹೋಗಿ, ಮರುದಿನ ಬೆಳಿಗ್ಗೆ ಫ್ಯಾನು ಅಲ್ಲಾಡಲೇ ಇಲ್ಲ. ಎಣ್ಣೆ ಬಿಟ್ಟರೂ ಕೆಲವು ತಿಂಗಳಷ್ಟೇ ಬಾಳುತ್ತದೆ. ಆಮೇಲೆ ಹೊಸದು ಹಾಕು, ಆದಷ್ಟೂ ಬಾಲ್ ಬೇರಿಂಗಿನದು.

ಸ್ಕ್ರೋಲ್ ಮಾಡಿದಾಗ ಕೀ... ಎಂದು ಸಣ್ಣಗೆ ಕೇಳುತ್ತದೆ ಅಂದೆಯಲ್ಲ, ಅದು ನನಗೆ ಕೇಳಲೇ ಇಲ್ಲ. ದೊಡ್ಡಮ್ಮನಿಗೂ ಇಲ್ಲ. ಪಕ್ಕದ ಮನೆಯ ಹುಡುಗ ಫೋನನ್ನು ಕಿವಿಗಿಟ್ಟ ಕೂಡಲೇ "ಹ್ಞೂ ಅಜ್ಜ, ಇದೆ" ಎಂದ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ಥಾಯಿಯನ್ನೇ. ಅದು ಗ್ರಾಫಿಕ್ಸ್ ಕಾರ್ಡಿನಲ್ಲೋ ಬೋರ್ಡಿನಲ್ಲೋ ಇರುವ ಕಾಯಿಲಿನ ಸದ್ದು. ಕರೆಂಟು ಏರಿಳಿದಾಗ ತಂತಿಸುರುಳಿ ನಡುಗಿ ಹಾಡುತ್ತದೆ. ಕಿರಿಕಿರಿಯೇ ಹೊರತು ರೋಗವಲ್ಲ. ಅದಕ್ಕೆಂದು ಕಾರ್ಡ್ ಬದಲಿಸಿ ದುಡ್ಡು ಕಳೆಯಬೇಡ, ಹೊಸದೂ ಹಾಡಬಹುದು.

ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ, ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ ಎಂದೂ ಹೇಳಿದೆ. ನೀನು ಅದನ್ನು ಕೊನೆಯಲ್ಲಿ, ಹಗುರವಾಗಿ ಹೇಳಿದೆ. ನನಗೆ ಡಿಸ್ಕಿನ ನಂತರ ಹೆಚ್ಚು ಚಿಂತೆಯಾದದ್ದು ಅದೇ. ನಿನ್ನ ಬಾಡಿಗೆ ಮನೆಯ ಸಾಕೆಟ್ಟಿನಲ್ಲಿ ಮೂರು ತೂತಿದ್ದರೂ ಅರ್ತಿಂಗ್ ಬಂದಿರಲಿಕ್ಕಿಲ್ಲ. ಎಸ್‌ಎಂಪಿಎಸ್ಸಿನೊಳಗಿನ ಫಿಲ್ಟರಿನಿಂದ ತಗಡಿಗೆ ಸೋರುವ ಚೂರು ಕರೆಂಟು ನೆಲಕ್ಕೆ ಹೋಗಲು ದಾರಿ ಕಾಣದೆ ನಿನ್ನ ಬೆರಳಿಗಾಗಿ ಕಾಯುತ್ತಿದೆ. ಇವತ್ತು ಅದು ಜುಮ್ ಮಾತ್ರ. ಒಳಗೆ ಏನಾದರೂ ಕೆಟ್ಟ ದಿನ ಬರೀ ಜುಮ್ ಆಗಿರುವುದಿಲ್ಲ. ಮನೆಯ ಓನರಿಗೆ ಹೇಳಿ ಎಲೆಕ್ಟ್ರಿಷಿಯನ್ನನ್ನು ಕರೆಸು, ಅರ್ತಿಂಗ್ ಪರೀಕ್ಷೆ ಮಾಡಿಸು. ಅವರು ಗೊಣಗಿದರೆ ನನ್ನ ನಂಬರ್ ಕೊಡು.

ಹೊಸ ಎಸ್‌ಎಸ್‌ಡಿ (ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ಫೈಲು ಇಡುವ ಡಿಸ್ಕು) ಹಾಕಿಕೊಂಡರೆ ಈ ಗೋಳೇ ಇಲ್ಲ ಎಂದು ನಿನ್ನ ಗೆಳತಿ ಹೇಳಿದಳಂತೆ. ಹಾಕಿಕೋ, ವೇಗ ಚೆನ್ನಾಗಿದೆ, ಸದ್ದೂ ಇಲ್ಲ. ಆದರೆ ಹಳೇ ಡಿಸ್ಕು ಎಷ್ಟೋ ಸಲ ಸಾಯುವ ಮೊದಲು ಕೂಗಿ ಹೇಳುತ್ತದೆ, ಎಸ್‌ಎಸ್‌ಡಿ ನಿನ್ನೆ ಇದ್ದದ್ದು ಇವತ್ತು ಇಲ್ಲವಾಗಬಹುದು. ಯಾವುದೇ ಇರಲಿ, ತಿಂಗಳಿಗೊಮ್ಮೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪ್ರೋಗ್ರಾಂ ತೆರೆದು ಡಿಸ್ಕಿನ ಆರೋಗ್ಯ ನೋಡು. ಹಾರ್ಡ್ ಡಿಸ್ಕಾದರೆ ರೀಅಲೊಕೇಟೆಡ್, ಪೆಂಡಿಂಗ್ ಎಂಬ, ಕೆಟ್ಟ ಜಾಗಗಳ ಲೆಕ್ಕ ಹೇಳುವ ಎರಡು ಸಾಲು ನೋಡಿದರೆ ಸಾಕು. ಸೊನ್ನೆ ಇದ್ದದ್ದು ಏರತೊಡಗಿದರೆ ಗಂಟು ಕಟ್ಟುವ ಹೊತ್ತು ಬಂತೆಂದು ತಿಳಿ. ಹಾಡುಗಳ ಒಂದು ಕಾಪಿ ನಿನ್ನಲ್ಲಿ, ಒಂದು ಇಲ್ಲಿ ನನ್ನ ಬೀರುವಿನಲ್ಲಿ ಇರಲಿ.

ಮುಂದೆ ಯಾವುದನ್ನೇ ರಿಪೇರಿ ಮಾಡುವಾಗಲೂ ಒಂದು ಸಲಕ್ಕೆ ಒಂದನ್ನೇ ಬದಲಿಸು, ಬದಲಿಸಿದ್ದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡು. ಸದ್ದು ಯಾವಾಗ ಬಂತು, ಆನ್ ಮಾಡಿದ ಕೂಡಲೇ ಬಂತೋ ಫೈಲ್ ತೆರೆದಾಗ ಬಂತೋ, ಬಿಸಿಯಾದ ಮೇಲೋ, ಅದನ್ನೂ ಬರೆ. ಅಂಗಡಿಯ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಗಲಾಟೆಯ ಬೀದಿಯಲ್ಲಿ ನಿಂತು ಅರ್ಧ ನಿಮಿಷ ಕೇಳಿದರೆ ಅವನಿಗೆ ಗರ್ರ್ ಬಿಟ್ಟು ಬೇರೇನು ಕೇಳೀತು? ನಿನ್ನ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೆ ಸೀಲಿಂಗ್ ಫ್ಯಾನ್ ಆರಿಸಿ ಕೇಳುವುದು ನಿನ್ನಿಂದ ಮಾತ್ರ ಸಾಧ್ಯ.

ಮುಂದಿನ ವಾರ ಶನಿವಾರ ರಾತ್ರಿಯ ತಾಳಗುಪ್ಪ ರೈಲಿಗೆ ಬಾ, ಬಸ್ಸು ಬೇಡ. ರಸ್ತೆ ತುಂಬ ಹೊಂಡ, ಅದರಲ್ಲೂ ನಿನಗೆ ಹಿಂದಿನ ಸೀಟೇ ಸಿಗುವುದು. ಡಿಸ್ಕನ್ನು ಹೊಸ ಟವೆಲಿನಲ್ಲಿ ಸುತ್ತಬೇಡ, ಒಣ ಬಟ್ಟೆಯ ತಿಕ್ಕಾಟಕ್ಕೆ ಸ್ಟ್ಯಾಟಿಕ್ ಹುಟ್ಟುತ್ತದೆ. ಬೋರ್ಡ್ ಕೊಂಡಾಗ ಬಂದ ಬೂದು ಬಣ್ಣದ ಹೊಳೆಯುವ ಕವರ್ ಇದ್ದರೆ ಅದರಲ್ಲಿ ಹಾಕಿ, ಆಮೇಲೆ ಬಟ್ಟೆಗಳ ನಡುವೆ ಇಡು. ಬ್ಯಾಗನ್ನು ಸೀಟಿನ ಕೆಳಗೆ ತಳ್ಳಬೇಡ. ಸ್ಟೇಷನ್ನಿಗೆ ನಾನೇ ಬರುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ

ತಾ.ಕ.: ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡಿನ ಕಡೆ ಹೋದರೆ ಮದರ್‌ಬೋರ್ಡಿಗೆ ಸಿಕ್ಕಿಸುವ ಚಿಕ್ಕ ಬೀಪ್ ಸ್ಪೀಕರ್ ಒಂದು ತಾ, ನಿನ್ನದರಲ್ಲಿ ಅದಿಲ್ಲ. ಒಂದು ಪುಟ್ಟ ಬೀಪ್ ಬಂದರೆ ಸಾಮಾನ್ಯವಾಗಿ ಎಲ್ಲ ಸರಿ ಎಂದು. ನಿಲ್ಲದೆ ಕೂಗಿದರೆ ಬಹುಮಟ್ಟಿಗೆ ಕಂಪ್ಯೂಟರಿನ ತಾತ್ಕಾಲಿಕ ನೆನಪಿನ ಪಟ್ಟಿ, ಅಂದರೆ ರ‍್ಯಾಮ್. ಪ್ಲಗ್ ಕಿತ್ತು, ರ‍್ಯಾಮ್ ತೆಗೆದು, ಚಿನ್ನದ ಬಣ್ಣದ ಅಂಚನ್ನು ಶಾಲೆಯ ರಬ್ಬರಿನಿಂದ ಉಜ್ಜಿ, ಪುಡಿ ಊದಿ, ಎರಡೂ ಕಡೆ ಟಕ್ ಎನ್ನುವ ತನಕ ಒತ್ತಿ ಕೂರಿಸಬೇಕು. ಆ ಟಕ್ ಮಾತ್ರ ಒಳ್ಳೆಯದು.