ಟ್ಯೂಬಾಗೆ ಹಳೇ ದೇವರು ಕಮ್ಮಿ

ಗೆಳೆಯಾ,

ನಾನು ಹೆಗಲಿಗೆ ಹಾಕಿಕೊಂಡು ತಿರುಗುವ ಟ್ಯೂಬಾ ಅನ್ನುವ ಈ ದೊಡ್ಡ ಹಿತ್ತಾಳೆ ಊದುವಾದ್ಯಕ್ಕೆ ಸಂಗೀತ ಬರೆಯುವವರು ಯಾರು ಅಂತ ಕೇಳಿದೆಯಲ್ಲ, ಉತ್ತರ ಉದ್ದ ಇದೆ.

ಟ್ಯೂಬಾ ಹುಟ್ಟಿದ್ದೇ 1835ರಲ್ಲಿ, ಬರ್ಲಿನ್‌ನಲ್ಲಿ. ಅಷ್ಟರಲ್ಲಿ ಬಾಕ್, ಮೊಜಾರ್ಟ್, ಬೀಥೋವನ್ ಎಲ್ಲ ತೀರಿಕೊಂಡಿದ್ದರು. ಹಾಗಾಗಿ ಪಿಟೀಲಿಗಿರುವ ಪಿತ್ರಾರ್ಜಿತ ಆಸ್ತಿ ನಮಗಿಲ್ಲ. ಇಂಗ್ಲೆಂಡಿನ ಸಂಯೋಜಕ ವಾನ್ ವಿಲಿಯಮ್ಸ್‌ರ ಟ್ಯೂಬಾ ಕನ್ಸರ್ಟೊ, ಅಂದರೆ ವಾದ್ಯವೃಂದದ ಜೊತೆ ನುಡಿಸುವ ಕೃತಿ, ಬಂದದ್ದು 1954ರಲ್ಲಿ. ಜರ್ಮನಿಯ ಹಿಂಡೆಮಿತ್‌ರ ಸೊನಾಟಾ, ಅಂದರೆ ಪಿಯಾನೊ ಜೊತೆ ನುಡಿಸುವ ಕೃತಿ, ಮರುವರ್ಷ. ದೊಡ್ಡ ಹೆಸರುಗಳು ಹೆಚ್ಚುಕಮ್ಮಿ ಅಲ್ಲಿಗೇ ಮುಗಿದವು.

ಈ ಬಡತನವೇ ನಮ್ಮ ಭಾಗ್ಯ ಅನ್ನಿಸುತ್ತೆ ನನಗೆ. ಪಿಯಾನೊದವರು ಯಾರಿಗೂ ಗೊತ್ತಿಲ್ಲದ ಒಬ್ಬಳ ಕೃತಿ ನುಡಿಸಬೇಕೆಂದರೆ ಬೀಥೋವನ್‌ನನ್ನು ಪಕ್ಕಕ್ಕೆ ಸರಿಸಬೇಕು. ಟಿಕೆಟ್ ತಗೊಂಡವರು ಗೊಣಗುತ್ತಾರೆ. ನಮ್ಮಲ್ಲಿ ಸರಿಸೋಕೆ ಯಾರಿದ್ದಾರೆ ಹೇಳು? ಬಾರ್ಬರಾ ಯಾರ್ಕ್ ಅನ್ನುವ ಸಂಯೋಜಕಿಯ ಹೆಸರು ನೀನು ಕೇಳಿರಲಿಕ್ಕಿಲ್ಲ. ಟ್ಯೂಬಾ, ಅದರ ಚಿಕ್ಕ ತಂಗಿಯಂಥ ಯುಫೋನಿಯಂ ನುಡಿಸುವವರಲ್ಲಿ ಅದು ಮನೆಮಾತು. ಇನ್ನೊಂದು ಹಿತ್ತಾಳೆ ವಾದ್ಯ ಟ್ರೊಂಬೋನ್‌ನವರಿಗೆ ಜಾರ್ಜ್ ವಾಕರ್ ಇದ್ದಾರೆ. ಸಂಗೀತಕ್ಕೆ ಅಮೆರಿಕದ ಪುಲಿಟ್ಜರ್ ಪ್ರಶಸ್ತಿ ಪಡೆದ ಮೊದಲ ಕಪ್ಪು ಸಂಯೋಜಕ. ಆ ಗೌರವ ಬಂದದ್ದು 1996ರಲ್ಲಿ. ಟ್ರೊಂಬೋನ್ ಕನ್ಸರ್ಟೊ ಬರೆದು ಆಗಲೇ ನಾಲ್ಕು ದಶಕ ಆಗುತ್ತಾ ಬಂದಿತ್ತು!

ಹೊಸ ಕೃತಿ ಬೇಕಾದರೆ ನಾವು ಚಂದಾ ಎತ್ತುತ್ತೇವೆ. ಹತ್ತಾರು ವಾದಕರು ಸ್ವಲ್ಪ ಸ್ವಲ್ಪ ದುಡ್ಡು ಹಾಕಿ ಒಬ್ಬರಿಂದ ಬರೆಸುವುದು, ಆಮೇಲೆ ಎಲ್ಲರೂ ತಮ್ಮ ತಮ್ಮ ಊರಲ್ಲಿ ನುಡಿಸುವುದು. ನಮ್ಮ ಜಯಚಾಮರಾಜ ಒಡೆಯರ್ 1940ರ ದಶಕದಲ್ಲಿ ಲಂಡನ್‌ನಲ್ಲಿದ್ದ ರಷ್ಯದ ಸಂಯೋಜಕ ಮೆಟ್ನರ್‌ನ ಸಂಗೀತವನ್ನು ಸ್ವಂತ ಖರ್ಚಿನಲ್ಲಿ ರೆಕಾರ್ಡ್ ಮಾಡಿಸಿದ್ದರಲ್ಲ, ಅಂಥ ಮಹಾರಾಜರು ನಮಗೆಲ್ಲಿ ಸಿಗಬೇಕು.

ಬರೆಸಿದರೆ ಸಾಲದು. ಒಂದು ಸಲ ನುಡಿಸಿ ಕಪಾಟಿಗೆ ಸೇರಿದ ಕೃತಿಗಳು ರಾಶಿ ಇವೆ. ಅದಕ್ಕೇ ಈಗ ಹೆಂಗಸರು ಟ್ಯೂಬಾಗೆ ಬರೆದದ್ದನ್ನು ಪಟ್ಟಿ ಮಾಡುತ್ತಿದ್ದೇನೆ. ಅಚ್ಚಾಗಿದೆಯೋ, ಬರೀ ಕೈಬರಹವೋ? ಹಕ್ಕು ಯಾರ ಹತ್ತಿರ ಇದೆ? ಎಷ್ಟು ಕೆಳಗಿನ ಸ್ವರದವರೆಗೆ ಇಳಿಯುತ್ತೆ, ಉಸಿರು ತಗೊಳ್ಳೋಕೆ ಎಲ್ಲಿ ಜಾಗ ಇದೆ? ಬೇಜಾರಿನ ಕೆಲಸ ಅನ್ನಿಸಬಹುದು. ಆದರೆ ಇಷ್ಟು ಗೊತ್ತಿಲ್ಲದೆ ಯಾವ ಮೇಷ್ಟ್ರೂ ಅದನ್ನು ಶಿಷ್ಯರ ಕೈಗೆ ಕೊಡುವುದಿಲ್ಲ. ಶಿಷ್ಯರು ನುಡಿಸದಿದ್ದರೆ ಕೃತಿ ಅಲ್ಲಿಗೆ ಸತ್ತಂತೆ.

ನಿನಗೆ ಮೊದಲು ಕೇಳೋಕೆ ಒಂದು ಹೇಳುತ್ತೇನೆ. ರಷ್ಯದ ಸಂಯೋಜಕಿ ಸೋಫಿಯಾ ಗುಬೈದುಲಿನಾ 1977ರಲ್ಲಿ ಟ್ಯೂಬಾ ಮತ್ತು ಪಿಯಾನೊಗೆ ಬರೆದ 'ಲಮೆಂಟೊ'. ಸೋವಿಯತ್ ಕಾಲದಲ್ಲಿ ಸಂಗೀತ ಸಂಘದ ದೊಡ್ಡವರಿಗೆ ಆಕೆಯನ್ನು ಕಂಡರೆ ಆಗುತ್ತಿರಲಿಲ್ಲ. ಒಳ್ಳೇ ಹೆಡ್‌ಫೋನ್ ಹಾಕಿಕೊಂಡು ಕೇಳು. ಮೊಬೈಲ್ ಸ್ಪೀಕರ್‌ನಲ್ಲಿ ಕೆಳಗಿನ ಸ್ವರಗಳು ಸರಿಯಾಗಿ ಕೇಳಿಸುವುದೇ ಇಲ್ಲ, ಆಮೇಲೆ ನನ್ನನ್ನು ಬೈಯಬೇಡ.

ನಿನ್ನವನು