ಸೋಂಕಿಗೆ ತಾರೀಕು ಇರಲ್ಲ ಕಣೋ

ಲೋ ಗೆಳೆಯಾ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹೆಸರು, ಊರು ಹಾಕಿಲ್ಲ, ಹೆದರಬೇಡ. ನಿನ್ನ ಹಾಗೆ ತಲೆ ಕೆಡಿಸಿಕೊಂಡು ಕೂತವರು ಇನ್ನೂ ಇರುತ್ತಾರೆ, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ನಿನ್ನ ಹೆಂಡತಿಗೆ ಜನನಾಂಗದ ಹರ್ಪಿಸ್ ಅಂತ ರಿಪೋರ್ಟ್ ಬಂದಿದೆ. ಅವರು ನೋವಿನಲ್ಲಿ ಒದ್ದಾಡುತ್ತಿದ್ದಾರೆ. ನೀನು ಅವರು ಬೇರೆ ಯಾರ ಹತ್ತಿರವೋ ಹೋಗಿದ್ದಾರೆ ಅಂತ ಅನುಮಾನಪಟ್ಟು, ಪಕ್ಕದ ರೂಮಿನಲ್ಲಿ ಕೂತು ಅವರ ವಾಟ್ಸಾಪ್ ಜಾಲಾಡುತ್ತಿದ್ದೀಯ. ಚೆನ್ನಾಗಿದೆಯಾ ಇದು?

ನಮ್ಮ ಮನೆಯ ಕಥೆ ಕೇಳು. ನನ್ನ ಹೆಂಡತಿ ಒಪ್ಪಿದ ಮೇಲೇ ಬರೆಯುತ್ತಿದ್ದೇನೆ. ನನಗೆ ಚಿಕ್ಕಂದಿನಿಂದ ತುಟಿ ಅಂಚಿನಲ್ಲಿ ಗುಳ್ಳೆ ಏಳುತ್ತಿತ್ತು, ನೀನೇ ನೋಡಿದ್ದೀಯ. "ಉಷ್ಣ" ಅಂತ ಅಮ್ಮ ಎಳನೀರು ಕುಡಿಸುತ್ತಿದ್ದರು. ಹರ್ಪಿಸ್ ವೈರಸ್‌ನಲ್ಲಿ ಎರಡು ಟೈಪು ಇವೆ, ಅದು ಒಂದನೇ ಟೈಪು. ಮದುವೆಯಾದ ಮೇಲೆ ಇವಳಿಗೆ ಕೆಳಗೆ ಗುಳ್ಳೆ ಎದ್ದವು. ಜ್ವರ, ತೊಡೆಸಂದಿಯಲ್ಲಿ ಗಂಟು, ಮೂತ್ರಕ್ಕೆ ಹೋಗಬೇಕೆಂದರೆ ಅಳು. ಟಬ್ಬಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ ಅದರಲ್ಲೇ ಕೂತು ಹೋಗಿ ಅಂತ ಡಾಕ್ಟರಮ್ಮ ಹೇಳಿದ ಮೇಲೆ ಸ್ವಲ್ಪ ಸಲೀಸಾಯಿತು. (ನಿಮ್ಮ ಮನೆಯಲ್ಲೂ ಹಾಗೇ ಮಾಡಿ.) ನಿನ್ನ ಕಥೆಗೆ ಉಲ್ಟಾ ನಮ್ಮದು. ಇವಳು ನನ್ನನ್ನೇ ಕೇಳಿದಳು, "ಯಾರ ಹತ್ರ ಹೋಗಿದ್ದೆ?" ಅಂತ. ಗುಳ್ಳೆಯ ಸ್ಯಾಂಪಲ್ ಯಾವ ವೈರಸ್ ಅಂತ ಗುರುತಿಸುವ ಪಿಸಿಆರ್ ಪರೀಕ್ಷೆಗೆ ಹೋಯಿತು. ಅದೂ ಒಂದನೇ ಟೈಪೇ. ನನ್ನ ಬಾಯಿಂದ ಹೋಗಿದ್ದು, ಹೇಗೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ. ತುಟಿ ಮೇಲೆ ಏನೂ ಕಾಣದ ದಿನವೂ ವೈರಸ್ ಚರ್ಮದ ಮೇಲೆ ಇರಬಹುದಂತೆ. ನಮ್ಮಿಬ್ಬರ ನಡುವೆ ಮೂರನೆಯವರು ಯಾರೂ ಇರಲಿಲ್ಲ.

"ನಮ್ಮದು ಎರಡನೇ ಟೈಪು, ಅದು ಬೇರೆ" ಅಂತ ನೀನು ವಾದಕ್ಕೆ ಬರುತ್ತೀಯ. ಸರಿ, ಅದು ಹೆಚ್ಚಾಗಿ ಸೆಕ್ಸ್‌ನಿಂದಲೇ ಬರುತ್ತದೆ. ಆದರೆ ಯಾವಾಗ ಬಂತು ಅಂತ ಗುಳ್ಳೆ ನೋಡಿ ಹೇಳಲು ಆಗುವುದಿಲ್ಲ. ಬೆನ್ನುಹುರಿಯ ಬುಡದ ಹತ್ತಿರ ನರದ ಗಂಟುಗಳಲ್ಲಿ ಸೇರಿಕೊಂಡು ವರ್ಷಗಟ್ಟಲೆ ಸುಮ್ನೆ ಇದ್ದುಬಿಡುತ್ತದೆ. 2020ರಲ್ಲಿ 15ರಿಂದ 49 ವಯಸ್ಸಿನ ಸುಮಾರು 52 ಕೋಟಿ ಜನರಿಗೆ ಎರಡನೇ ಟೈಪು ಇತ್ತು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಹೆಚ್ಚಿನವರಿಗೆ ತಮಗೆ ಇದು ಇದೆ ಅಂತಲೇ ಗೊತ್ತಿಲ್ಲ. ನೀನೂ ಅವರಲ್ಲೊಬ್ಬ ಇರಬಹುದು. ಬೆಂಗಳೂರಿನ ಪಿಜಿಯಲ್ಲಿದ್ದಾಗ ನೀನೇನು ಸನ್ಯಾಸಿ ಆಗಿರಲಿಲ್ಲವಲ್ಲ.

ಮೊದಲು ನೀನು ರಕ್ತ ಪರೀಕ್ಷೆ ಮಾಡಿಸು. ವೈರಸ್ ವಿರುದ್ಧ ಮೈ ತಯಾರಿಸುವ ಪ್ರತಿಕಾಯಗಳನ್ನು ನೋಡಿ ಎರಡು ಟೈಪನ್ನೂ ಬೇರೆ ಬೇರೆ ತೋರಿಸುವ ಐಜಿಜಿ ಪರೀಕ್ಷೆ. ಲ್ಯಾಬಿನವರು ಐಜಿಎಂ ಅನ್ನುವ ಇನ್ನೊಂದು ಪ್ರತಿಕಾಯ ಪರೀಕ್ಷೆ ಸೇರಿಸುತ್ತೇವೆ ಅಂದರೆ ಬೇಡ ಅನ್ನು, ಅದನ್ನು ನಂಬುವ ಹಾಗಿಲ್ಲ. ಐಜಿಜಿ ಕೂಡ ಗೆರೆ ದಾಟಿಯೂ ದಾಟದ ಹಾಗೆ ಬಂದರೆ ಮತ್ತೊಮ್ಮೆ ಮಾಡಿಸಬೇಕು. ಹೊಸ ಸೋಂಕಾದರೆ ರಕ್ತದಲ್ಲಿ ಕಾಣಲು ವಾರಗಳೇ ಬೇಕು. ನಿನ್ನ ಹೆಂಡತಿಗೆ ಈಗಲೇ ಸ್ಪಷ್ಟವಾಗಿ ಪಾಸಿಟಿವ್ ಇದ್ದರೆ ಅದು ಕೆಲವು ವಾರಗಳಿಗಿಂತ ಹಳೆಯದು, ಎಷ್ಟು ಹಳೆಯದು ಅಂತ ಮಾತ್ರ ಗೊತ್ತಾಗಲ್ಲ. ಅವರಿಗೆ ನೆಗೆಟಿವ್, ನಿನಗೆ ಪಾಸಿಟಿವ್ ಬಂದರೆ ಯಾರಿಂದ ಯಾರಿಗೆ ಅಂತ ನೀನೇ ಲೆಕ್ಕ ಹಾಕು.

ನಿನಗೆ ನೆಗೆಟಿವ್ ಬಂದರೂ ಅವರು ಮೊನ್ನೆ ಮೊನ್ನೆ ತಪ್ಪು ಮಾಡಿದರು ಅಂತ ಆಗುವುದಿಲ್ಲ. ಒಬ್ಬರಿಗಿದ್ದು ಇನ್ನೊಬ್ಬರಿಗೆ ವರ್ಷಗಟ್ಟಲೆ ಅಂಟದ ಜೋಡಿಗಳೂ ಇವೆ. ಮದುವೆಗೆ ಮುಂಚಿನದಾಗಿದ್ದರೆ ಅದು ಅವರ ವಿಷಯ. ನೀನು ನಿನ್ನ ಹಳೇ ಕಥೆಗಳನ್ನೆಲ್ಲ ಅವರಿಗೆ ಒಪ್ಪಿಸಿದ್ದೀಯಾ? ಎಲ್ಲ ಪರೀಕ್ಷೆ ಆದ ಮೇಲೂ ಎಲ್ಲಿಂದ ಬಂತು ಅಂತ ಗೊತ್ತಾಗದೇ ಹೋಗಬಹುದು. ಅದಕ್ಕೂ ತಯಾರಿರು.

ಇನ್ನು ಮುಂದಿನ ಸಂಸಾರ. ಇಬ್ಬರಿಗೂ ಒಂದೇ ಟೈಪಿದ್ದರೆ ಪರಸ್ಪರ ಅಂಟುವ ಚಿಂತೆ ಹೆಚ್ಚುಕಡಿಮೆ ಮುಗಿಯಿತು. ನಮ್ಮದು ಹಾಗೇ. ನಿನಗೆ ಇಲ್ಲದಿದ್ದರೆ ಅವರು ದಿನಾ ವೈರಸ್ ಅಡಗಿಸುವ ವ್ಯಾಲಸೈಕ್ಲೊವಿರ್ ಮಾತ್ರೆ 500 ಮಿಲಿಗ್ರಾಂ ತೆಗೆದುಕೊಳ್ಳುವ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡಿ. 2004ರಲ್ಲಿ ಬಂದ ಅಧ್ಯಯನದಲ್ಲಿ ಇದರಿಂದ ಜೊತೆಗಾರರಿಗೆ ಅಂಟುವುದು ಸುಮಾರು ಅರ್ಧದಷ್ಟು ಇಳಿದಿತ್ತು. ಜೊತೆಗೆ ಕಾಂಡೋಮ್. ಗುಳ್ಳೆ ಇರುವಾಗ, ಅಥವಾ ಏಳುವ ಮುಂಚೆ ಜುಮುಜುಮು ಅನ್ನುವಾಗ, ದೂರ. ಎರಡನೇ ಟೈಪು ಮೊದಲ ವರ್ಷ ಜಾಸ್ತಿ ಕಾಡುತ್ತದೆ, ಆಮೇಲೆ ಕಡಿಮೆಯಾಗುತ್ತಾ ಹೋಗುತ್ತದೆ. ಮಗು ಬೇಕು ಅಂತಿದ್ದಿರಲ್ಲ, ಅದಕ್ಕೇನೂ ಅಡ್ಡಿ ಇಲ್ಲ. ಹೆರಿಗೆ ಡಾಕ್ಟರಿಗೆ ಮೊದಲೇ ಹೇಳಿ. ಕೊನೆಯ ತಿಂಗಳಲ್ಲಿ ಮಾತ್ರೆ ಕೊಡುತ್ತಾರೆ, ಹೆರಿಗೆ ಹೊತ್ತಿಗೆ ಹುಣ್ಣಿದ್ದರೆ ಸಿಸೇರಿಯನ್ ಮಾಡುತ್ತಾರೆ.

ಲಾಡ್ಜಿಗೆ ತಿಂಗಳಿಗೊಮ್ಮೆ ಬರುವ ಗುಪ್ತರೋಗ ತಜ್ಞನ ಹತ್ತಿರ ಮಾತ್ರ ಹೋಗಬೇಡ. ಬುಡಸಮೇತ ವಾಸಿ ಮಾಡುತ್ತೇನೆ ಅನ್ನುತ್ತಾನೆ. ವೈರಸ್ಸನ್ನು ಮೈಯಿಂದ ಪೂರ್ತಿ ತೆಗೆಯುವ ಔಷಧಿ ಇನ್ನೂ ಬಂದಿಲ್ಲ, ಸುಮ್ನೆ ದುಡ್ಡು ದಂಡ. ಜಿಲ್ಲಾಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳಿಗೆ ಅಂತ ಸುರಕ್ಷಾ ಕ್ಲಿನಿಕ್ ಇರುತ್ತದೆ. ಹರ್ಪಿಸ್‌ಗೆ ಅಂತಲೇ ಕೆಂಪು ಬಣ್ಣದ ಕಿಟ್ ಇದೆ, ಅದರಲ್ಲಿ ಒಂದು ವಾರದ ಅಸೈಕ್ಲೊವಿರ್ ಮಾತ್ರೆ ಉಚಿತವಾಗಿ ಕೊಡುತ್ತಾರೆ. ಇಬ್ಬರೂ ಎಚ್‌ಐವಿ, ಸಿಫಿಲಿಸ್ ಪರೀಕ್ಷೆಯನ್ನೂ ಅಲ್ಲೇ ಮುಗಿಸಿ.

ಆಮೇಲೆ, ನಿಮ್ಮಮ್ಮನಿಗೆ ಯಾಕೋ ಹೇಳಲು ಹೋದೆ? ನಿನ್ನ ಹೆಂಡತಿಗೆ ಬೇರೆ ಬಕೆಟ್, ಬೇರೆ ಲೋಟ ಇಟ್ಟಿದ್ದಾರೆ ಅಂದೆಯಲ್ಲ, ಅದನ್ನು ಇವತ್ತೇ ತೆಗೆಸು. ಬಕೆಟ್ಟಿಂದ, ಕಮೋಡಿನಿಂದ, ಬಟ್ಟೆಯಿಂದ ಇದು ಅಂಟುವುದಿಲ್ಲ. ನಿನ್ನ ಮಾತಿಗಿಂತ ಆ ಬಕೆಟ್ಟೇ ಅವರಿಗೆ ಜಾಸ್ತಿ ನೋವು ಕೊಡುತ್ತಿರುತ್ತದೆ.

ನನ್ನ ಹೆಂಡತಿ ನಿಮ್ಮ ಮನೆಯವರ ಹತ್ತಿರ ಮಾತಾಡಲು ಸಿದ್ಧಳಿದ್ದಾಳೆ. ಅವರಿಗೆ ಇಷ್ಟ ಇದ್ದರೆ ಮಾತ್ರ, ಒತ್ತಾಯ ಮಾಡಬೇಡ. ಶನಿವಾರ ಬೆಳಗ್ಗೆ ಬರುತ್ತೇನೆ, ಲ್ಯಾಬಿಗೆ ಒಟ್ಟಿಗೆ ಹೋಗೋಣ. ಈ ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ, ತಿಂಡಿ ತಿಂದುಕೊಂಡೇ ಹೊರಡೋಣ.

ನಿನ್ನ ಗೆಳೆಯ